ಬೋರ್ಡು ಕಂಪನಿಯದು, ಕಟ್ಟಡ ಊರಿನವರದು: ಮಲೆನಾಡಲ್ಲಿ ಅಗ್ಗದ ರೂಮ್ ಮಾಡುವುದು ಹೇಗೆ?

ಮಳೆ ಜೋರಾಗಿ ಶರಾವತಿ ಮೈದುಂಬಿದಳೆಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಲಾಡ್ಜುಗಳಿಗೆ ಬಿಡುವಿರುವುದಿಲ್ಲ. ಜೋಗ ನೋಡಲು ಬರುವ ಎಲ್ಲರಿಗೂ ರೆಸಾರ್ಟಿಗೆ ಐದಾರು ಸಾವಿರ ಸುರಿಯುವ ಶಕ್ತಿ ಇರುವುದಿಲ್ಲ. ಸಾವಿರ, ಸಾವಿರದೈನೂರರೊಳಗೆ ಒಣ ಹಾಸಿಗೆ, ಬಿಸಿನೀರು, ಭದ್ರವಾದ ಚಿಲಕ ಸಿಕ್ಕರೆ ಸಾಕು ಎಂದು ಮಕ್ಕಳನ್ನು ಕಟ್ಟಿಕೊಂಡು ಬರುವವರು ಬಹಳ ಜನ. ಅವರು ಮೊಬೈಲ್ ತೆರೆದರೆ ಮೊದಲು ಕಾಣುವುದು ಬಜೆಟ್ ಹೋಟೆಲ್ ಸರಣಿಗಳ ಹೆಸರು. ಗೊತ್ತಿರುವ ಹೆಸರು ಎಂಬ ಧೈರ್ಯದಲ್ಲೇ ಬುಕ್ ಮಾಡಿಬಿಡುತ್ತಾರೆ. ಆದರೆ ಆ ಹೆಸರು ಹೇಳುವುದು ಕಡಿಮೆ, ಹೇಳದೆ ಉಳಿಸುವುದು ಹೆಚ್ಚು.

ಮೊದಲು ಬೋರ್ಡಿನ ಹಿಂದೆ ಯಾರಿದ್ದಾರೆ ನೋಡಿ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಾಂಟಾ ಬಾರ್ಬರಾ ಎಂಬ ಊರಿದೆ. 1962ರಲ್ಲಿ ಇಬ್ಬರು ಕಟ್ಟಡ ಗುತ್ತಿಗೆದಾರರು ಅಲ್ಲೊಂದು ತಂಗುದಾಣ ತೆರೆದರು. ರಾತ್ರಿಗೆ 6 ಡಾಲರ್. ಖರ್ಚು ಕಳೆಯಲು ಅಷ್ಟು ಸಾಕೆಂದು ಲೆಕ್ಕ ಹಾಕಿ, ಆ ಅಂಕಿಯನ್ನೇ ಸೇರಿಸಿ ಮೋಟೆಲ್ 6 ಎಂದು ಹೆಸರಿಟ್ಟರು. ದರ ಯಾವತ್ತೋ ಮೇಲೇರಿತು, ಅಂಕಿ ಮಾತ್ರ ಬೋರ್ಡಿನ ಮೇಲೆ ಉಳಿಯಿತು. 2024ರ ಸೆಪ್ಟೆಂಬರಿನಲ್ಲಿ ಈ ಸರಣಿಯನ್ನು 52.5 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿದ್ದು ನಮ್ಮ ದೇಶದ್ದೇ ಬಜೆಟ್ ಹೋಟೆಲ್ ಸರಣಿ ಓಯೊದ ಮಾತೃಸಂಸ್ಥೆ ಒರಾವೆಲ್ ಸ್ಟೇಸ್.

ಅಲ್ಲಿರಲಿ, ಇಲ್ಲಿರಲಿ, ಈ ವ್ಯವಹಾರ ಈಗ ಹೆಚ್ಚಾಗಿ ಫ್ರಾಂಚೈಸಿ ಪದ್ಧತಿಯದು. ಕಟ್ಟಡ ಸ್ಥಳೀಯ ಮಾಲೀಕರದು. ರೂಮ್ ಬಾಯ್, ಬೆಡ್‌ಶೀಟ್, ನೀರಿನ ಮೋಟಾರು ಎಲ್ಲ ಅವರ ಜವಾಬ್ದಾರಿ. ಕಂಪನಿ ಹೆಸರು ಮತ್ತು ಆ್ಯಪ್ ಕೊಟ್ಟು, ಬಂದ ಹಣದಲ್ಲಿ ಪಾಲು ಪಡೆಯುತ್ತದೆ. ಹಾಗಾಗಿ ಬೆಂಗಳೂರಿನಲ್ಲಿ ಒಂದು ಸರಣಿಯ ರೂಮು ಚೆನ್ನಾಗಿತ್ತು ಎಂಬುದು ಸಾಗರದಲ್ಲಿ ಅದೇ ಬೋರ್ಡಿನ ಲಾಡ್ಜಿಗೆ ಸಾಕ್ಷಿಯಾಗುವುದಿಲ್ಲ. ಅಲ್ಲಿ ಕೆಟ್ಟದಿತ್ತು ಎಂಬುದೂ ಅಷ್ಟೇ. ನೀವು ವಿಚಾರಿಸಬೇಕಾದದ್ದು ಆ ಕಟ್ಟಡವನ್ನು, ಅದನ್ನು ನಡೆಸುವವರನ್ನು.

ವಿಮರ್ಶೆ ಓದುವಾಗ ತಿಂಗಳು ನೋಡಿ

ಎಷ್ಟು ಸ್ಟಾರ್ ಇದೆ ಎಂದು ಎಲ್ಲರೂ ನೋಡುತ್ತಾರೆ. ಮಲೆನಾಡಿನಲ್ಲಿ ಅದಕ್ಕಿಂತ ಮುಖ್ಯ, ವಿಮರ್ಶೆ ಬರೆದ ತಿಂಗಳು. ಫೆಬ್ರವರಿಯಲ್ಲಿ ನಾಲ್ಕೂವರೆ ಸ್ಟಾರ್ ಪಡೆದ ರೂಮು ಆಗಸ್ಟಿನಲ್ಲಿ ಬೂಷ್ಟು ಹಿಡಿದಿರಬಹುದು. ಗೋಡೆಗೆ ತೇವ ಏರುವುದು, ಹಾಸಿಗೆ ಮುಗ್ಗಲು ವಾಸನೆ ಬರುವುದು, ಸೋಲಾರ್ ನೀರು ತಣ್ಣಗೇ ಬರುವುದು ಎಲ್ಲ ಮಳೆಗಾಲದ ಕಷ್ಟ. ಬೇಸಿಗೆಯಲ್ಲಿ ತಂಗಿದವರಿಗೆ ಇದರ ಸುಳಿವೇ ಸಿಕ್ಕಿರುವುದಿಲ್ಲ. ಆದ್ದರಿಂದ ‘ಇತ್ತೀಚಿನವು ಮೊದಲು’ ಎಂದು ಜೋಡಿಸಿಕೊಂಡು, ಹಿಂದಿನ ವರ್ಷದ ಜುಲೈನಿಂದ ಸೆಪ್ಟೆಂಬರಿನವರೆಗಿನ ಮಾತುಗಳನ್ನು ಹುಡುಕಿ ಓದಿ. ಐದು ಸ್ಟಾರಿನ ‘ಸೂಪರ್’ಗಳನ್ನೂ ಒಂದು ಸ್ಟಾರಿನ ಬೈಗುಳವನ್ನೂ ಬದಿಗಿಟ್ಟರೆ ನಡುವೆ ಉಳಿಯುವ ಎರಡು–ಮೂರು ಸ್ಟಾರಿನವರೇ ನಿಜವಾಗಿ ವಿವರ ಕೊಡುವವರು.

ಫೋಟೊಗಳಲ್ಲೂ ಮಾಲೀಕರು ಹಾಕಿದ್ದನ್ನು ಬಿಟ್ಟು ಅತಿಥಿಗಳು ತೆಗೆದದ್ದನ್ನು ನೋಡಿ. ಇನ್ನೊಂದು ವಿಷಯ: ಲಾಡ್ಜು ಹೊಸ ಸರಣಿಗೆ ಸೇರಿದಾಗ ಹೆಸರು ಬದಲಾಗುತ್ತದೆ, ಹೊಸ ಪುಟದಲ್ಲಿ ಹಳೆಯ ದೂರು ಕಾಣುವುದಿಲ್ಲ. ಮ್ಯಾಪಿನಲ್ಲಿ ಅದೇ ಜಾಗ ಒತ್ತಿ ಹಳೆಯ ಹೆಸರು ಸಿಗುತ್ತದೆಯೇ ನೋಡಿ.

ಜಾಗದ ಬಗ್ಗೆಯೂ ಎಚ್ಚರ ಬೇಕು. ‘ಜೋಗದ ಹತ್ತಿರ’ ಎಂದು ತೋರಿಸಿದ ಲಾಡ್ಜು ಸಾಗರ ಪೇಟೆಯಲ್ಲಿರಬಹುದು. ಅಲ್ಲಿಂದ ಜಲಪಾತಕ್ಕೆ ಸುಮಾರು 30 ಕಿ.ಮೀ. ಶಿವಮೊಗ್ಗದಿಂದಾದರೆ 100 ಕಿ.ಮೀ. ಆಸುಪಾಸು. ರೂಮಿನಲ್ಲಿ ಉಳಿಸಿದ ಮುನ್ನೂರು ರೂಪಾಯಿ ಟ್ಯಾಕ್ಸಿಗೆ ಹೋದರೆ ಏನು ಉಪಯೋಗ?

ದರವನ್ನು ಕೊನೆಯ ಪುಟದಲ್ಲಿ ಓದಿ

ಪಟ್ಟಿಯಲ್ಲಿ ದೊಡ್ಡಕ್ಷರದಲ್ಲಿ 999 ಎಂದಿರುತ್ತದೆ. ಅದರ ಕೆಳಗೆ ಸಣ್ಣಕ್ಷರದಲ್ಲಿ ‘ತೆರಿಗೆ ಪ್ರತ್ಯೇಕ’. ಹಣ ಕಟ್ಟುವ ಪುಟದವರೆಗೆ ಹೋಗಿ, ಅಲ್ಲಿ ಬರುವ ಮೊತ್ತವನ್ನೇ ದರ ಎಂದುಕೊಳ್ಳಿ.

ತೆರಿಗೆಯ ಲೆಕ್ಕ ಹೀಗಿದೆ. 2022ರ ಜುಲೈ 18ಕ್ಕೆ ಮುಂಚೆ ದಿನಕ್ಕೆ ಸಾವಿರದೊಳಗಿನ ರೂಮಿಗೆ ಜಿಎಸ್‌ಟಿ ಇರಲಿಲ್ಲ. ಅಂದಿನಿಂದ ಅದಕ್ಕೂ ಶೇ 12 ಬಿತ್ತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ರೂಮುಗಳಿಗೆ ಅದು ಶೇ 5ಕ್ಕೆ ಇಳಿದಿದೆ. ಅಂದರೆ 999ಕ್ಕೆ ತೆರಿಗೆ 50 ರೂಪಾಯಿ ದಾಟಬಾರದು. ಬಿಲ್ಲಿನಲ್ಲಿ ಇನ್ನೂ ಶೇ 12 ಹಾಕಿದ್ದರೆ ಕೌಂಟರಿನಲ್ಲೇ ಕೇಳಿ. ಇನ್ನು, ಜಿಎಸ್‌ಟಿ ನೋಂದಣಿಯ ಮಿತಿಗೆ ಬಾರದ ಸಣ್ಣ ಲಾಡ್ಜಿಗೆ ನೇರವಾಗಿ ಹೋದರೆ ತೆರಿಗೆ ಇರುವುದಿಲ್ಲ. ಅದೇ ಲಾಡ್ಜನ್ನು ಆ್ಯಪಿನಲ್ಲಿ ಬುಕ್ ಮಾಡಿದರೆ ತೆರಿಗೆ ಬೀಳುತ್ತದೆ, ಏಕೆಂದರೆ ಆಗ ಅದನ್ನು ಕಟ್ಟುವ ಹೊಣೆ ಆ್ಯಪ್ ಕಂಪನಿಯದು.

ಸರಣಿಗಳ ದರ ಬೇಡಿಕೆಯ ಬೆನ್ನು ಹಿಡಿದು ಏರಿಳಿಯುತ್ತದೆ. ಶನಿವಾರ, ದಸರಾ ರಜೆ, ಮದುವೆ ಮುಹೂರ್ತದ ದಿನಗಳು, ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆ: ಈ ಹೊತ್ತಿನಲ್ಲಿ ‘ಬಜೆಟ್’ ಎಂಬ ಮಾತಿಗೆ ಅರ್ಥ ಉಳಿಯುವುದಿಲ್ಲ. ಭಾನುವಾರ ರಾತ್ರಿಯಿಂದ ಗುರುವಾರದವರೆಗೆ ಹೊಂದಿಸಿಕೊಂಡರೆ ಅದೇ ರೂಮು ಅಗ್ಗಕ್ಕೆ ಸಿಗಬಹುದು. ಜೋಗದಲ್ಲಿ ರಾಜ್ಯ ಪ್ರವಾಸೋದ್ಯಮ ನಿಗಮದ ಹೋಟೆಲ್ ಮಯೂರ ಗೇರುಸೊಪ್ಪ ಇದೆ. ಅದರ ದರವನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿ ನೋಡುವುದು ಒಳ್ಳೆಯದು.

ಬಹಳ ಜನ ಮರೆಯುವ ಲೆಕ್ಕ ಚೆಕ್‌ಇನ್ ಸಮಯದ್ದು. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದವರು ಬೆಳಗಿನ ಜಾವ ಶಿವಮೊಗ್ಗದಲ್ಲಿ ಇಳಿಯುತ್ತಾರೆ. ಸರಣಿಯ ಲಾಡ್ಜಿನಲ್ಲಿ ಚೆಕ್‌ಇನ್ ಸಾಮಾನ್ಯವಾಗಿ ಮಧ್ಯಾಹ್ನ 12ಕ್ಕೆ. ಮೊದಲೇ ಬಂದರೆ ಹೆಚ್ಚುವರಿ ಹಣ. ಬಸ್ ನಿಲ್ದಾಣದ ಸುತ್ತಮುತ್ತ ವಿಚಾರಿಸಿದರೆ 24 ಗಂಟೆ ಲೆಕ್ಕದ ಹಳೆಯ ಲಾಡ್ಜುಗಳು ಸಿಗುತ್ತವೆ. ಐದಕ್ಕೆ ಹೊಕ್ಕರೆ ಮರುದಿನ ಐದರವರೆಗೆ ರೂಮು ನಿಮ್ಮದು. ಇನ್ನೂರು ರೂಪಾಯಿ ಹೆಚ್ಚಾದರೂ ನಾನು ಇವುಗಳ ಪರವೇ. ರಾತ್ರಿಯೆಲ್ಲ ಕೂತು ಬಂದ ವಯಸ್ಸಾದವರನ್ನು ಏಳು ಗಂಟೆ ಹೊರಗೆ ಕಾಯಿಸುವುದು ಯಾವ ಉಳಿತಾಯವೂ ಅಲ್ಲ.

ಹಣ ಕಟ್ಟುವ ಮುಂಚೆ ಒಂದು ಫೋನ್

ಲಾಡ್ಜಿಗೇ ಕರೆ ಮಾಡಿ, ಕನ್ನಡದಲ್ಲೇ ಕೇಳಿ: ಆ್ಯಪ್ ಬುಕಿಂಗ್ ತಗೊಳ್ತೀರಾ? ಬಿಸಿನೀರು ಗೀಸರಿನದಾ, ಸೋಲಾರಿನದಾ, ಎಷ್ಟು ಹೊತ್ತು ಬರುತ್ತೆ? ಕರೆಂಟ್ ಹೋದರೆ ಜನರೇಟರ್ ಇದೆಯಾ? ನೇರ ಬಂದರೆ ಎಷ್ಟು? ಕೊನೆಯ ಪ್ರಶ್ನೆಗೆ ಆ್ಯಪಿಗಿಂತ ಕಡಿಮೆ ಉತ್ತರ ಬಂದರೆ ಆಶ್ಚರ್ಯ ಬೇಡ. ಕಂಪನಿಗೆ ಕೊಡಬೇಕಾದ ಪಾಲು ಆಗ ಮಾಲೀಕರಿಗೆ ಉಳಿಯುತ್ತದೆ. ಮಾತಾಡಿದ ದರವನ್ನು ವಾಟ್ಸ್ಆ್ಯಪಿನಲ್ಲಿ ಬರೆಸಿಕೊಳ್ಳಿ.

ರೂಮು ನೋಡಿಯೇ ಸಹಿ ಹಾಕಿ

ರಿಜಿಸ್ಟರಿಗೆ ಸಹಿ ಹಾಕುವ ಮೊದಲು ಮೇಲೆ ಹೋಗಿ ಬನ್ನಿ. ಬಾಗಿಲು ತೆಗೆದ ಕೂಡಲೇ ಬರುವ ವಾಸನೆಯನ್ನು ಗಮನಿಸಿ; ಅಗರಬತ್ತಿ, ಫಿನಾಯಿಲ್ ಘಾಟು ಜೋರಾಗಿದ್ದರೆ ಕಪಾಟು ತೆರೆದು ಮತ್ತೊಮ್ಮೆ ಮೂಸಿ ನೋಡಿ. ಮುಗ್ಗಲು ಅಲ್ಲೇ ಅಡಗಿರುತ್ತದೆ. ಹಾಸಿಗೆಯ ಮೂಲೆ ಎತ್ತಿ ಕೆಳಗೆ ಅಂಗೈ ಇಡಿ, ತಣ್ಣಗೆ ಅಂಟಿದರೆ ಬೇರೆ ರೂಮು ಕೇಳಿ. ಹೊಲಿಗೆಯ ಸಾಲಿನಲ್ಲಿ ಕಂದು ಚುಕ್ಕೆ ಇದ್ದರೆ ತಿಗಣೆ ಇದೆಯೆಂದೇ ಅನುಮಾನಿಸಿ. ನಲ್ಲಿ ಬಿಟ್ಟು ನೋಡಿ, ಗೀಸರ್ ಹಾಕಿ ಕೆಂಪು ದೀಪ ಹತ್ತುತ್ತದೆಯೇ ನೋಡಿ, ಒಳಗಿನ ಬೋಲ್ಟು, ಕಿಟಕಿಯ ಕೊಂಡಿ ಎಳೆದು ನೋಡಿ. ಐದು ನಿಮಿಷದ ಕೆಲಸ. ಗುರುತಿಗೆ ಆಧಾರ್ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿ ಕೊಡುತ್ತೇನೆ ಎನ್ನಿ.

ಬಾಗಿಲಲ್ಲೇ ‘ಬುಕಿಂಗ್ ಇಲ್ಲ’ ಎಂದರೆ

ಜನಜಂಗುಳಿಯ ದಿನಗಳಲ್ಲಿ ಇದು ನಡೆಯುತ್ತದೆ. ಆ್ಯಪಿನ ದರಕ್ಕೆ ಕೊಡಲಾಗದು, ಇಷ್ಟು ಸೇರಿಸಿ ಕೊಡಿ ಅಥವಾ ಬುಕಿಂಗ್ ರದ್ದು ಮಾಡಿ ಎನ್ನುತ್ತಾರೆ. ಸಿಟ್ಟಿನಲ್ಲಿ ನೀವೇ ರದ್ದು ಒತ್ತಬೇಡಿ. ಒತ್ತಿದರೆ ತಪ್ಪು ನಿಮ್ಮದೆಂದು ದಾಖಲಾಗಿ ಹಣ ಕಡಿತವಾಗಬಹುದು. ಕೌಂಟರಿನ ಮುಂದೆ ನಿಂತೇ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ, ‘ಚೆಕ್‌ಇನ್ ನಿರಾಕರಿಸಿದರು’ ಎಂದು ಆ್ಯಪಿನಲ್ಲಿ ದೂರು ದಾಖಲಿಸಿ, ಬೇರೆ ರೂಮು ಅಥವಾ ಪೂರ್ತಿ ಹಣ ಕೇಳಿ. ಬೋರ್ಡು, ಬುಕಿಂಗ್ ಪುಟ, ಸಮಯ ಕಾಣುವಂತೆ ಫೋಟೊ ಇರಲಿ. ಅವರು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ನೀವು ಕೊಟ್ಟ ಹಣ 5 ಲಕ್ಷದೊಳಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು.