ಸ್ಪ್ಲೈಸಿಂಗ್ ಕೆಟ್ಟ ಯೀಸ್ಟ್ ಹುಡುಕುವುದು ಹೇಗೆ?

ಜೀನ್‌ನಿಂದ ಆರ್‌ಎನ್‌ಎ ತಯಾರಾದ ಮೇಲೆ, ನಡುವಿನ ಇಂಟ್ರಾನ್ ಎಂಬ ತುಂಡನ್ನು ಜೀವಕೋಶ ಕತ್ತರಿಸಿ ತೆಗೆದು ಉಳಿದದ್ದನ್ನು ಜೋಡಿಸುತ್ತದೆ. ಇದೇ ಸ್ಪ್ಲೈಸಿಂಗ್. ಯಾವ ಜೀನ್ ಕೆಟ್ಟರೆ ಈ ಕೆಲಸ ನಿಲ್ಲುತ್ತದೆ ಎಂದು ಹುಡುಕುವುದು ನಮ್ಮ ಸ್ಕ್ರೀನ್, ಅಂದರೆ ಸಾವಿರಾರು ಯೀಸ್ಟ್‌ಗಳನ್ನು ಜಾಲಾಡಿ ಬೇಕಾದದ್ದನ್ನು ಆರಿಸುವ ಕೆಲಸ. ಸ್ಪ್ಲೈಸಿಂಗ್ ಪೂರ್ತಿ ನಿಂತರೆ ಯೀಸ್ಟ್ ಸಾಯುತ್ತದೆ, ಅದಕ್ಕೇ ತಂಪಿನಲ್ಲಿ ಬೆಳೆದು ಬಿಸಿಯಲ್ಲಿ ಮಾತ್ರ ಕೆಡುವವನ್ನು ಹುಡುಕುತ್ತೇವೆ. 1960ರ ದಶಕದ ಕೊನೆಯಲ್ಲಿ ಯೀಸ್ಟ್ ವಿಜ್ಞಾನಿ ಲೀಲ್ಯಾಂಡ್ ಹಾರ್ಟ್‌ವೆಲ್ ಆರಿಸಿಟ್ಟ, ಬಿಸಿ ತಡೆಯದ ಯೀಸ್ಟ್‌ಗಳಲ್ಲೇ ಇಂಥ ಹಲವು ಜೀನ್ ಸಿಕ್ಕವು. ಬಳ್ಳಾರಿ, ರಾಯಚೂರಿನ ಎಂ.ಎಸ್ಸಿ ಪ್ರಾಜೆಕ್ಟ್‌ಗೂ ಇದು ಒಳ್ಳೆಯ ಕೆಲಸ.

ಮೊದಲು ಯೀಸ್ಟ್. ಬೇಕರಿ ಪ್ಯಾಕೆಟ್ ಬೇಡವೇ ಬೇಡ. ಅದರಲ್ಲಿ ಪ್ರತಿ ಜೀನ್ ಒಂದಕ್ಕಿಂತ ಜಾಸ್ತಿ ಇರುತ್ತದೆ. ಒಂದು ಕೆಟ್ಟರೂ ಇನ್ನೊಂದು ಸಂಭಾಳಿಸುತ್ತದೆ, ನಿಮಗೆ ಏನೂ ಕಾಣುವುದಿಲ್ಲ. ಪ್ರತಿ ಜೀನ್ ಒಂದೇ ಇರುವ ಹ್ಯಾಪ್ಲಾಯ್ಡ್ ತಳಿಯನ್ನೇ ತರಿಸಿ.

ಯೀಸ್ಟನ್ನು ಪ್ಲೇಟಿಗೆ ಹರಡಿ, ಜೀನ್‌ಗಳು ಕೆಡಲೆಂದು ಅರ್ಧಕ್ಕಿಂತ ಜಾಸ್ತಿ ಸಾಯುವಷ್ಟು ಯುವಿ (ಅತಿನೇರಳೆ ಕಿರಣ) ಕೊಟ್ಟು, ಕೂಡಲೇ ಕತ್ತಲಲ್ಲಿಡಿ. ಬೆಳಕು ಬಿದ್ದರೆ ಯೀಸ್ಟ್ ತನ್ನ ಡಿಎನ್‌ಎ ತಾನೇ ರಿಪೇರಿ ಮಾಡಿಕೊಳ್ಳುತ್ತದೆ.

ಬೆಳೆಸುವುದು 25 ಡಿಗ್ರಿಯಲ್ಲಿ. ಏಪ್ರಿಲ್‌ನಲ್ಲಿ ನಮ್ಮ ಕಡೆ ಬಿಸಿಲು 40 ಮುಟ್ಟುತ್ತದೆ, ಅಲ್ವಾ? ಪ್ಲೇಟನ್ನು ಸುಮ್ನೆ ಟೇಬಲ್ ಮೇಲಿಟ್ಟರೆ ನಿಮಗೆ ಬೇಕಾದ ಮ್ಯೂಟೆಂಟ್‌ಗಳೇ (ಜೀನ್ ಕೆಟ್ಟ ಯೀಸ್ಟ್‌ಗಳೇ) ಮೊದಲು ಹೋಗುತ್ತವೆ. ತಂಪು ಮಾಡುವ ಇನ್‌ಕ್ಯುಬೇಟರ್ ಇಲ್ಲದಿದ್ದರೆ ಈ ಕೆಲಸ ಡಿಸೆಂಬರ್‌ಗೆ ಇಟ್ಟುಕೊಳ್ಳಿ. ಆಮೇಲೆ ವೆಲ್ವೆಟ್ ಬಟ್ಟೆಯಿಂದ ಎರಡು ಪ್ಲೇಟಿಗೆ ಅಚ್ಚೊತ್ತಿ, ಒಂದು 25ಕ್ಕೆ, ಒಂದು 37ಕ್ಕೆ. ಅಂಗಡಿಯಲ್ಲಿ ಹತ್ತಿಯ ವೆಲ್ವೆಟ್ಟನ್ನೇ ಕೇಳಿ. ಮಿರಮಿರ ಮಿಂಚುವ ಪಾಲಿಯೆಸ್ಟರ್ ತೇವ ಹೀರುವುದಿಲ್ಲ, ಕಾಲೊನಿಗಳು ಕಲಸಿಹೋಗುತ್ತವೆ. 37ರಲ್ಲಿ ಬೆಳೆಯದವನ್ನು ಆರಿಸಿ.

ಹಲವರು ಇಲ್ಲಿಗೇ ನಿಲ್ಲಿಸಿ, ಸ್ಪ್ಲೈಸಿಂಗ್ ಮ್ಯೂಟೆಂಟ್ ಸಿಕ್ಕಿತೆಂದು ವರದಿ ಬರೆಯುತ್ತಾರೆ. ಇದು ತಪ್ಪು. ಬಿಸಿಗೆ ಸಾಯಲು ನೂರು ಕಾರಣಗಳಿವೆ. ಆರ್‌ಎನ್‌ಎ ನೋಡಲೇಬೇಕು. 25ರಲ್ಲಿ ಬೆಳೆದದ್ದನ್ನು ಎರಡು ಗಂಟೆ 37ರಲ್ಲಿಟ್ಟು ಆರ್‌ಎನ್‌ಎ ತೆಗೆಯಿರಿ. ಆಕ್ಟಿನ್ ಜೀನ್‌ನ ಇಂಟ್ರಾನ್‌ನ ಆಚೆ ಒಂದು, ಈಚೆ ಒಂದು ಪ್ರೈಮರ್ (ನಕಲು ಶುರುವಾಗುವ ಜಾಗ ಹಿಡಿಯುವ ಡಿಎನ್‌ಎ ಚೂರು) ಇಟ್ಟು ಆರ್‌ಟಿ-ಪಿಸಿಆರ್ ಮಾಡಿ, ಅಂದರೆ ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲಿಸಿ ಆ ತುಂಡನ್ನು ಹೆಚ್ಚಿಸಿ. ಇಂಟ್ರಾನ್ ಕತ್ತರಿಸದೆ ಉಳಿದಿದ್ದರೆ ಸುಮಾರು 300 ಬೇಸ್ ಉದ್ದ ಜಾಸ್ತಿಯಾಗಿ, ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಮೇಲೊಂದು ಬ್ಯಾಂಡ್ (ಗೆರೆ) ಬರುತ್ತದೆ.

ಆ ಬ್ಯಾಂಡನ್ನು ತಕ್ಷಣ ನಂಬಬೇಡಿ. ಡಿಎನ್‌ಎಯಲ್ಲಿ ಇಂಟ್ರಾನ್ ಇದ್ದೇ ಇರುತ್ತದೆ. ಸ್ಯಾಂಪಲ್‌ನಲ್ಲಿ ಚೂರು ಡಿಎನ್‌ಎ ಉಳಿದರೂ ಅದೇ ಜಾಗದಲ್ಲಿ, ಅದೇ ಉದ್ದದ ಬ್ಯಾಂಡ್ ಬರುತ್ತದೆ. ಅದಕ್ಕೇ ಮೊದಲು ಡಿಎನ್‌ಎ ಕತ್ತರಿಸುವ ಎಂಜೈಮ್ ಡಿಎನ್‌ಏಸ್ ಹಾಕಿ. ನಂತರ ಪ್ರತಿ ಸ್ಯಾಂಪಲ್‌ಗೂ ಎರಡು ಟ್ಯೂಬ್: ಒಂದಕ್ಕೆ ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲಿಸುವ ಎಂಜೈಮ್ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕಿ, ಇನ್ನೊಂದಕ್ಕೆ ಹಾಕಬೇಡಿ. ಎಂಜೈಮ್ ಇಲ್ಲದ ಟ್ಯೂಬಿನಲ್ಲೂ ಬ್ಯಾಂಡ್ ಬಂದರೆ ಅದು ಡಿಎನ್‌ಎ. ಡಿಎನ್‌ಏಸ್ ಹಂತದಿಂದ ಮತ್ತೆ ಶುರುಮಾಡಿ. ಇಡೀ ಪ್ರಾಜೆಕ್ಟ್‌ಗೆ ಇಂಥ ಒಂದೇ ಕಂಟ್ರೋಲ್ ಸಾಲದು, ಪ್ರತಿ ಸ್ಯಾಂಪಲ್‌ಗೂ ಬೇಕು. ಪಕ್ಕದಲ್ಲೇ ಮೂಲ ತಳಿಯ 25 ಮತ್ತು 37ರ ಆರ್‌ಎನ್‌ಎ ಕೂಡ ಓಡಿಸಿ.

ಇಷ್ಟರಲ್ಲಿ ಪಾಸಾದವಕ್ಕೆ ಮಾತ್ರ ಜೀನ್ ಲೈಬ್ರರಿಯ ಪ್ಲಾಸ್ಮಿಡ್‌ಗಳನ್ನು (ಯೀಸ್ಟ್‌ನ ಸರಿಯಾದ ಜೀನ್‌ಗಳನ್ನು ಹೊತ್ತ ಡಿಎನ್‌ಎ ಉಂಗುರಗಳನ್ನು) ಸೇರಿಸಿ 37ರಲ್ಲಿಡಿ. ಕೆಟ್ಟ ಜೀನ್‌ನ ಸರಿಯಾದ ಪ್ರತಿ ಸಿಕ್ಕ ಯೀಸ್ಟ್ ಅಲ್ಲೂ ಬೆಳೆಯುತ್ತದೆ. ಬೆಳೆದ ಕಾಲೊನಿಯಿಂದ ಪ್ಲಾಸ್ಮಿಡ್ ತೆಗೆದು ಸೀಕ್ವೆನ್ಸಿಂಗ್‌ಗೆ ಕಳಿಸಿ, ಅದೇ ಕಾಲೊನಿಯ ಆರ್‌ಎನ್‌ಎಯಲ್ಲಿ ಮೇಲಿನ ಬ್ಯಾಂಡ್ ಹೋಗಿದೆಯೇ ಎಂದು ಇನ್ನೊಮ್ಮೆ ನೋಡಿ.