ಕಪ್ಪು ಕ್ರ್ವಾಸಾಂ: ಕೇಳುವುದು ಹೇಗೆ, ತಿನ್ನುವ ಮೊದಲು ಏನು ನೋಡಬೇಕು

ಕಾಸರಗೋಡಿನ ಬೇಕರಿಯೊಂದರಲ್ಲಿ ಫ್ರೆಂಚರ ಪದರ ಪದರದ ಬೆಣ್ಣೆ ತಿಂಡಿ ತೋರಿಸಿ ನಾನು "ಆ ಕಪ್ಪು ಕ್ರೋಯಿಸೆಂಟ್ ಕೊಡಿ" ಅಂದೆ. ಅಣ್ಣನ ಮಗಳು ನಕ್ಕಳು. "ಅತ್ತೆ, ಅದು ಕ್ರ್ವಾಸಾಂ."

ಕಷ್ಟ ಏನಿಲ್ಲ. ಕೊನೆಯ ಟಕಾರ ನುಂಗಿಬಿಡಿ. 'ಸಾಂ' ಅನ್ನುವಾಗ ತುಟಿ ಮುಚ್ಚಬೇಡಿ, ಸ್ವರ ಮೂಗಿನಲ್ಲಿ ಹೋಗಲಿ. ರೆಸ್ಟೋರೆಂಟ್ ಕೂಡ ಫ್ರೆಂಚರ ಬಾಯಲ್ಲಿ 'ರೆಸ್ತೋರಾಂ'. ಹಾಗಂತ ಆಟೋದವರ ಹತ್ತಿರ ರೆಸ್ತೋರಾಂ ಎಲ್ಲಿ ಅಂತ ಕೇಳಬೇಡಿ! ಕಾಸರಗೋಡಿನಿಂದ ದಕ್ಷಿಣಕ್ಕೆ, ಕಣ್ಣೂರು ದಾಟಿದರೆ ಸಿಗುವ ಮಾಹೆ ಊರು 1954ರವರೆಗೆ ಫ್ರೆಂಚರ ಕೈಯಲ್ಲಿತ್ತು. ಅಷ್ಟು ಹತ್ತಿರ ಇದ್ದೂ ನಮ್ಮ ನಾಲಿಗೆಗೆ ಹತ್ತಲಿಲ್ಲ ನೋಡಿ.

ಇನ್ನು ಆ ಕಪ್ಪು. ಅದು ಆಕ್ಟಿವೇಟೆಡ್ ಚಾರ್ಕೋಲ್, ಒಂದು ಬಗೆಯ ಇದ್ದಿಲು. ನಾವು ಬಚ್ಚಲೊಲೆಗೆ ಹಾಕುವ ತೆಂಗಿನ ಗೆರಟೆಯಿಂದಲೂ ಮಾಡುತ್ತಾರೆ. ಗೆರಟೆಯ ಇದ್ದಿಲನ್ನು ಬಿಸಿ ಹಬೆಯಲ್ಲಿ 800 ಡಿಗ್ರಿಗೂ ಮೇಲೆ ಕಾಯಿಸಿದರೆ ಅದರ ತುಂಬ ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ಅಲ್ಲಿ ಕೆಲವು ವಿಷಗಳು ಅಂಟುತ್ತವೆ. ಅದಕ್ಕೇ ಆಸ್ಪತ್ರೆಯಲ್ಲಿ ವಿಷ ಹೊಟ್ಟೆಗೆ ಹೋದವರಿಗೆ ಕೊಡುವುದು. ಆದರೆ ನೀವು ನುಂಗಿದ ಮಾತ್ರೆಯೂ ಅಂಟಿಕೊಳ್ಳಬಹುದು, ಅಲ್ವಾ? ದಿನಾ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ತಿನ್ನಬೇಡಿ. ಗರ್ಭನಿರೋಧಕ ಮಾತ್ರೆಗೂ ಇದೇ ಮಾತು. 2018ರಲ್ಲಿ ನ್ಯೂಯಾರ್ಕ್ ನಗರದವರು ಹೋಟೆಲ್ ತಿಂಡಿಗೆ ಇದನ್ನು ಹಾಕದಂತೆ ತಡೆದರು.

ಮೈಯ ನಂಜು ತೆಗೆಯುತ್ತದೆ ಅನ್ನುವುದು ಸುಮ್ನೆ ಮಾತು. ಆ ಕೆಲಸಕ್ಕೆ ಲಿವರ್, ಕಿಡ್ನಿ ಇವೆ.

ಹಲ್ಲುಜ್ಜುವ ಚಾರ್ಕೋಲ್ ಪೇಸ್ಟ್? ಅಜ್ಜಿ ಹಲ್ಲುಜ್ಜುತ್ತಿದ್ದ ಉಮಿಕರಿ, ಅಂದರೆ ಭತ್ತದ ಹೊಟ್ಟಿನ ಇದ್ದಿಲು, ಟ್ಯೂಬಿಗೆ ಹೋದ ಹಾಗೆ. ಜಾಸ್ತಿ ಉಜ್ಜಿದರೆ ಹಲ್ಲಿನ ಮೇಲ್ಪದರ ಸವೆಯುತ್ತದೆ.

ನನಗೆ ಬಿಪಿ ಮಾತ್ರೆ ಉಂಟು. ಹಾಗಾಗಿ ಮಾಮೂಲಿ ಹೊಂಬಣ್ಣದ್ದನ್ನೇ ತಿಂದೆ, ಚಹಾದಲ್ಲಿ ಅದ್ದಿ.