ಪಾಮಿರದ ಬಂಡೆಸಂದಿಯ ವೋಲ್‌ಗಳನ್ನು ಗುರುತಿಸಿದ ಬಗೆ

ತಜಿಕಿಸ್ತಾನದ ಪೂರ್ವ ಪಾಮಿರ ಪರ್ವತಸೀಮೆಯಲ್ಲಿ, ಮುರ್ಗಾಬ್ ಊರಿನಿಂದ ಅರ್ಧ ದಿನದ ದಾರಿಯಲ್ಲಿದ್ದ ಕಲ್ಲುರಾಶಿಯೊಂದರಲ್ಲಿ ನಾನು ಎರಡು ಬೇಸಿಗೆ ದಂಶಕಗಳ, ಅಂದರೆ ಇಲಿಯ ಬಳಗದ ಪ್ರಾಣಿಗಳ, ಅಧ್ಯಯನ ಮಾಡಿದೆ. ಸುಮಾರು 3,900 ಮೀಟರ್ ಎತ್ತರದ ಆ ಬಯಲಲ್ಲಿ ಮರವೆಂಬುದೇ ಇಲ್ಲ. ತೆರೆಸ್ಕೆನ್ ಎಂಬ ಕುರುಚಲು ಗಿಡವೇ ಕಿರ್ಗಿಜ್ ಕುರಿಗಾಹಿಗಳ ಉರುವಲು. ನಮ್ಮ ಗದ್ದೆಬದುಗಳ ಇಲಿ, ಹೆಗ್ಗಣಗಳನ್ನು ಅಳೆದು ಕೆಲಸ ಕಲಿತಿದ್ದ ನನಗೆ ಮೊಂಡು ಮೂತಿ, ಗಿಡ್ಡ ಬಾಲ, ತುಪ್ಪಳದಲ್ಲಿ ಹುದುಗಿದ ಕಿವಿಗಳ ವೋಲ್ ಹೊಸ ಜೀವಿ. ದಕ್ಷಿಣ ಭಾರತದಲ್ಲಿ ಅದಿಲ್ಲದ ಕಾರಣ ಕನ್ನಡದಲ್ಲಿ ಅದಕ್ಕೊಂದು ಸ್ವಂತ ಹೆಸರೂ ಇಲ್ಲ.

ಸಂಜೆ ಬೋನುಗಳಲ್ಲಿ ಓಟ್ಸ್ ಮತ್ತು ಹಿಡಿ ಉಣ್ಣೆ ಇಟ್ಟು, ಸೂರ್ಯೋದಯಕ್ಕೆ ಮೊದಲೇ ತೆರೆಯುತ್ತಿದ್ದೆ. ಉಣ್ಣೆ ಮರೆತರೆ ಚಳಿಗೆ ಪ್ರಾಣಿ ಸಾಯುತ್ತದೆ. ಮೊದಲ ವಿಂಗಡಣೆ ಸುಲಭ: ಮೇಲಿನ ಬಾಚಿಹಲ್ಲುಗಳ ಹಿಂದೆ ಇನ್ನೊಂದು ಪುಟ್ಟ ಜೋಡಿ ಕಂಡರೆ ಅದು ಮೊಲದ ಸಂಬಂಧಿಯಾದ ಪೈಕಾ, ದಂಶಕವೇ ಅಲ್ಲ, ಕೆನ್ನೆಯಲ್ಲಿ ಚೀಲವಿದ್ದರೆ ಬೂದು ಹ್ಯಾಮ್‌ಸ್ಟರ್. ಉಳಿದವು ವೋಲ್‌ಗಳು. ಅವುಗಳಲ್ಲಿ ಎರಡನ್ನು, ಬೆಳ್ಳಿ ಬಣ್ಣದ ಆಲ್ಟಿಕೋಲಾ ಅರ್ಜೆಂಟೇಟಸ್ (ಬೆಳ್ಳಿ ವೋಲ್) ಮತ್ತು ಕಂದು ಬಣ್ಣದ, ಇನ್ನೂ ಗಿಡ್ಡ ಬಾಲದ ಜುನಿಪರ್ ವೋಲ್‌ಗಳನ್ನು, ರಷ್ಯಾದ ಪ್ರಾಣಿವಿಜ್ಞಾನಿ ನಿಕೊಲಾಯ್ ಸೆವೆರ್ತ್ಸೊವ್ 1879ರಲ್ಲಿ ಹೆಸರಿಸಿದ್ದರು.

ಮೊದಲ ಬೇಸಿಗೆಯ ಕೊನೆಯಲ್ಲಿ ಈ ಎರಡಕ್ಕೂ ಸೇರದಂತೆ ತೋರಿದ ಐದು ಪ್ರಾಣಿಗಳು ಸಿಕ್ಕವು. ಗಾತ್ರ ಚಿಕ್ಕದು, ತುಪ್ಪಳ ಮಂಕು ಬೂದು, ತಲೆ ದೇಹಕ್ಕೆ ಹೋಲಿಸಿದರೆ ದೊಡ್ಡದು. ಇದು ಯಾರೂ ವರ್ಣಿಸದ ಪ್ರಭೇದವಿರಬಹುದೆಂಬ ಆಸೆ ನನ್ನಲ್ಲಿ ಬಲವಾಗಿ ಹುಟ್ಟಿತು, ಪ್ರತಿ ಮಾದರಿಗೆ ಕಟ್ಟುವ ಚೀಟಿಯ ಮೇಲೆ ಹಾಗೆಯೇ ಬರೆದೂಬಿಟ್ಟೆ. ಆದರೂ ಅಳತೆಯಲ್ಲಿ ಆತುರ ಮಾಡಲಿಲ್ಲ. ಬಾಲವನ್ನು ತುದಿಯ ಕೂದಲ ಕುಚ್ಚು ಬಿಟ್ಟು ಕೊನೆಯ ಮೂಳೆಯವರೆಗೆ, ಹಿಂಗಾಲನ್ನು ಉಗುರು ಬಿಟ್ಟು ಅಳೆದು, ಲಿಂಗ, ತೂಕ, ಎತ್ತರಗಳನ್ನು ಅಲ್ಲೇ ದಾಖಲಿಸಿದೆ. ತುಪ್ಪಳದ ಬಣ್ಣವನ್ನು ನೆರಳಿನಲ್ಲಿ, ಪ್ರಾಣಿ ತಾಜಾ ಇರುವಾಗಲೇ ಬರೆದುಕೊಂಡೆ, ಏಕೆಂದರೆ ಒಣಗಿಸಿದ ಚರ್ಮ ವರ್ಷಗಳು ಕಳೆದಂತೆ ಕೆಂಪುಗಂದಿಗೆ ತಿರುಗುತ್ತದೆ.

ಉತ್ತರವಿದ್ದದ್ದು ತಲೆಬುರುಡೆಯಲ್ಲಿ. ಕೆಲವು ವೋಲ್ ಕುಲಗಳಲ್ಲಿ ದವಡೆಹಲ್ಲಿನ ಬೇರು ಎಷ್ಟು ಬೆಳೆದಿದೆ ಎಂಬುದರಿಂದಲೇ ವಯಸ್ಸು ತಿಳಿಯುತ್ತದೆ. ಆಲ್ಟಿಕೋಲಾದ ಹಲ್ಲಿಗೆ ಬೇರಿಲ್ಲ, ಅದು ಬದುಕಿನುದ್ದಕ್ಕೂ ಬೆಳೆಯುತ್ತಲೇ ಇರುತ್ತದೆ, ಹೀಗಾಗಿ ಆ ದಾರಿ ಮುಚ್ಚಿತ್ತು. ನಾನು ಬುರುಡೆಯ ತಳದ ಮೂಳೆಗಳ ಬೆಸುಗೆಯನ್ನು ನೋಡಬೇಕಾಯಿತು. ಐದರಲ್ಲೂ ಬೆಸುಗೆ ತೆರೆದೇ ಇತ್ತು, ಕಣ್ಣುಗುಳಿಗಳ ನಡುವೆ ಏಣು ಇನ್ನೂ ಮೂಡಿರಲಿಲ್ಲ. ಮೇಲ್ದವಡೆಯ ಕೊನೆಯ ಹಲ್ಲಿನ ಎನಾಮೆಲ್ ಮಡಿಕೆಗಳು ಬೆಳೆದವುಗಳಿಗಿಂತ ಬೇರೆಯಾಗಿ ಕಂಡದ್ದೂ ಸವೆತ ಸಾಲದ್ದರಿಂದಲೇ. ಸಂಗ್ರಹಾಲಯದ ಮರಿಗಳ ಸಾಲಿನ ಪಕ್ಕದಲ್ಲಿಟ್ಟಾಗ ನನ್ನ ಐದೂ ಅದರಲ್ಲಿ ಬೆರೆತುಹೋದವು: ಅವು ಬೆಳ್ಳಿ ವೋಲ್‌ನ ಮರಿಗಳು. ಆಲ್ಕೋಹಾಲಿನಲ್ಲಿಟ್ಟ ಅಂಗಾಂಶದಲ್ಲಿ, ಪ್ರಭೇದ ಗುರುತಿಸಲು ಬಳಸುವ ಸೈಟೋಕ್ರೋಮ್ ಬಿ ಜೀನ್ ಕೂಡ ಅದನ್ನೇ ಹೇಳಿತು.

ಹಾಗೆಂದು ಹಲ್ಲೊಂದನ್ನೇ ನಂಬುವುದೂ ತಪ್ಪು. ಹಲ್ಲಿನ ವಿನ್ಯಾಸ ನೋಡಿ ಹಿಂದೆ ಪಿಟಿಮಿಸ್ ಎಂಬ ವೋಲ್ ಗುಂಪಿಗೆ, ಬಳಿಕ ನಿಯೋಡಾನ್ ಗುಂಪಿಗೆ ಸೇರಿಸಿದ್ದ ಜುನಿಪರ್ ವೋಲ್ ಬ್ಲಾನ್‌ಫೋರ್ಡಿಮಿಸ್ ಎಂಬ ಇನ್ನೊಂದು ಗುಂಪಿಗೆ ಹತ್ತಿರವೆಂದು ತೋರಿಸಿದ್ದು ಜೀನ್‌ಗಳ ಹೋಲಿಕೆ. ನನ್ನ ವರ್ಣನೆಯಲ್ಲಿ ಆದ್ದರಿಂದ ಪ್ರತಿ ಲಕ್ಷಣದ ಎದುರು ವಯಸ್ಸು, ಲಿಂಗ, ಹಿಡಿದ ತಿಂಗಳನ್ನು ತಪ್ಪದೆ ಬರೆದೆ. ಬಂಡೆಸಂದಿಯಲ್ಲಿ ವೋಲ್‌ಗಳು ಚಳಿಗಾಲಕ್ಕೆಂದು ಕೂಡಿಟ್ಟಿದ್ದ ಒಣಹುಲ್ಲಿನ ವಿವರವನ್ನೂ ಸೇರಿಸಿದೆ.

ಐದು ಚೀಟಿಗಳ ಮೇಲಿನ ಹಳೆಯ ಬರಹವನ್ನು ನಾನು ಅಳಿಸಲಿಲ್ಲ. ಓದಲು ಬರುವಂತೆ ಒಂದೇ ಗೆರೆ ಎಳೆದು, ಕೆಳಗೆ ಸರಿಯಾದ ಹೆಸರು, ತಿದ್ದಿದ ದಿನಾಂಕ ಮತ್ತು ‘ಮರಿ’ ಎಂಬ ಪದವನ್ನು ಸೇರಿಸಿದೆ.